ಕನ್ನಡಿ ಮೇಸ್ತ್ರಿ ಮತ್ತು ದೊರೆಯ ಚಿಪ್ಪು

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಓಣಿಯವರು ಇಟ್ಟ ಹೆಸರು ಕನ್ನಡಿ ಮೇಸ್ತ್ರಿ. ಮರದ ಸಾಮಾನಿಗೆ ಪಾಲಿಶ್ ಹೊಡೆಯುವುದು ಅವರ ಕಸುಬು. ಅವರ ಕೈ ಬಿದ್ದ ಮೇಜಿನ ಮೇಲೆ ಬಗ್ಗಿ ಜನ ತಲೆ ಬಾಚಿಕೊಳ್ಳುತ್ತಾರೆ ಎಂದು ಎದುರುಗಡೆ ಕ್ಷೌರದ ಅಂಗಡಿಯವನು ಹೇಳುತ್ತಿರುತ್ತಾನೆ. ಅವನು ಹೊಗಳುತ್ತಿದ್ದಾನೋ, ತನ್ನ ವ್ಯಾಪಾರ ಕೆಡುತ್ತಿದೆ ಎಂದು ದೂರುತ್ತಿದ್ದಾನೋ ನನಗಿನ್ನೂ ತಿಳಿದಿಲ್ಲ. ಭಾವನಂತೂ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡು ಇಪ್ಪತ್ತು ವರ್ಷವಾಯಿತು.

ಅಂಗಡಿಯೆಂದರೆ ಉದ್ದನೆಯ, ಇಕ್ಕಟ್ಟಾದ ಒಂದು ಕೋಣೆ. ಸ್ಪಿರಿಟ್ಟು ಮತ್ತು ಅರಗಿನ ವಾಸನೆ ಗೋಡೆಯೊಳಗೇ ಇಳಿದುಬಿಟ್ಟಿದೆ. ಬಿಸಿಲು ಒಳಗೆ ಕಾಲಿಡಬಾರದು ಎಂಬುದು ಅಲ್ಲಿಯ ಮೊದಲ ಕಾನೂನು. ಬಿಸಿಲು ಬಿದ್ದರೆ ಹಸಿ ಪಾಲಿಶ್ ಗುಳ್ಳೆ ಏಳುತ್ತದೆ, ಒಣಗಿದ ಪಾಲಿಶ್ ಬಣ್ಣ ಬಿಡುತ್ತದೆ. ಇರುವ ಒಂದೇ ಕಿಟಕಿ ಉತ್ತರಕ್ಕೆ, ಅದಕ್ಕೆ ಏಳು ಕಬ್ಬಿಣದ ಸರಳು. ಕೆಲಸ ಮುಗಿಯಿತೋ ಇಲ್ಲವೋ ಎಂದು ಭಾವ ತೀರ್ಮಾನಿಸುವುದು ಈ ಕಿಟಕಿಯಿಂದಲೇ. ಮೇಜಾಗಲಿ, ಮಂಚದ ತಲೆಹಲಗೆಯಾಗಲಿ, ಅದರ ಮೈಯಲ್ಲಿ ಕಿಟಕಿ ಮೂಡಬೇಕು. ಏಳು ಸರಳೂ ಬಿಡಿಬಿಡಿಯಾಗಿ ಎಣಿಸುವ ಹಾಗೆ ಕಾಣಬೇಕು. ಆರು ಕಂಡರೆ ಇನ್ನೊಂದು ಕೈ ಪಾಲಿಶ್. ಏಳು ಕಂಡ ದಿನ ಅವರು ಒಳಗಿದ್ದ ಅಕ್ಕನನ್ನು ಕೂಗಿ ಕರೆದು, “ಎಣಿಸು” ಅನ್ನುವರು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಎಣಿಸಿ, “ಏಳು” ಎಂದು ಹೇಳಿ ಹೋಗುವಳು.

ಅಂಗಡಿಯ ಹಿಂದೆ ಎರಡು ಕೋಣೆಯ ಮನೆ. ಅಲ್ಲಿ ಯಾವುದರಲ್ಲೂ ಯಾವ ಸರಳೂ ಕಾಣುವುದಿಲ್ಲ. ಮಂಚ ಮಂಕು, ಸ್ಟೂಲು ಮಂಕು, ಅಕ್ಕನ ಬಟ್ಟೆಯ ಕಪಾಟಂತೂ ಬಡಗಿಯ ಮನೆಯಿಂದ ಹೇಗೆ ಬಂದಿತ್ತೋ ಹಾಗೇ ಇತ್ತು. ಮದುವೆಯಾದ ಮೊದಲ ವರ್ಷವೇ ಅಕ್ಕ ಕೇಳಿದ್ದಳು, “ರೀ, ಈ ಕಪಾಟಿಗೂ ಒಂದು ಕೈ ಹಚ್ಚಿ.” ಭಾವ, “ಈ ಗಿರಾಕಿ ಕೆಲಸ ಒಂದು ಮುಗೀಲಿ” ಅಂದಿದ್ದರು. ಆ ಗಿರಾಕಿಯ ಮೊಮ್ಮಗ ಈಗ ಅದೇ ಮೇಜನ್ನು ಎರಡನೆಯ ಸಲ ಪಾಲಿಶಿಗೆ ತಂದಿದ್ದಾನೆ.

ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕುವುದೇ ನನ್ನ ಅನ್ನ. ಆದ್ದರಿಂದ ಭಾವನ ವಿಷಯದಲ್ಲಿ ನನ್ನ ಕಣ್ಣು ಸ್ವಲ್ಪ ಹೆಚ್ಚೇ ಚುರುಕು ಎಂದು ಅಕ್ಕ ಹೇಳುತ್ತಾಳೆ. ಇರಬಹುದು. ಅವರು ಮಾತ್ರ ನಾನು ಬರೆದದ್ದನ್ನಾಗಲಿ ತಿದ್ದಿದ್ದನ್ನಾಗಲಿ ಓದುವ ಪೈಕಿಯಲ್ಲ. ಕುರ್ಚಿಯ ಕೆಳಗೆ ಹಾಸಿದ ಹಳೆಯ ಪೇಪರಿನಲ್ಲಿ ಪಾಲಿಶ್ ಸೋರದೆ ಉಳಿದ ಜಾಗವಿದ್ದರೆ ಅಷ್ಟನ್ನು ಓದುತ್ತಾರೆ. ಆ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಇನ್ನು ದೊರೆ. ದೊರೆ ಅಂದರೆ ಅಕ್ಕನ ಆಮೆ. ನೀರಿನದಲ್ಲ, ನೆಲದ ಆಮೆ. ಅಕ್ಕನಿಗೆ ಹತ್ತು ವರ್ಷವಾಗಿದ್ದಾಗ ನಮ್ಮ ಅಪ್ಪ ತಂದುಕೊಟ್ಟದ್ದು, ಆಗ ಅದು ಅಂಗೈಯಷ್ಟಿತ್ತು. ಈಗ ದೊಡ್ಡ ಬೋಗುಣಿಯನ್ನು ಕವುಚಿ ಹಾಕಿದಷ್ಟಿದೆ. ಅಕ್ಕ ಗಂಡನ ಮನೆಗೆ ಹೊರಟಾಗ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕಂಕುಳಲ್ಲಿ ದೊರೆ. ಹಿತ್ತಲಲ್ಲಿ ಬೆಳಿಗ್ಗೆ ಒಂದೂವರೆ ಗಂಟೆ ಹೊತ್ತು ಬಿಸಿಲು ಬೀಳುವ ಸಣ್ಣ ಅಂಗಳವಿದೆ. ಅಲ್ಲೇ ಅವನ ವಾಸ. ವಾರಕ್ಕೊಮ್ಮೆ ಅಕ್ಕ ಅವನನ್ನು ಮಡಿಲಲ್ಲಿಟ್ಟುಕೊಂಡು ಚಿಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ಒತ್ತಿ ನೋಡುವಳು. ಗಟ್ಟಿಯಿದ್ದರೆ ಕೆಳಗಿಳಿಸುವಳು. ಇಷ್ಟು ವರ್ಷ ಗಟ್ಟಿಯಾಗಿಯೇ ಇತ್ತು. ಹೊಳಪು ಮಾತ್ರ ಇರಲಿಲ್ಲ, ಆಮೆಗೆ ಅದರ ಅಗತ್ಯವೂ ಬಿದ್ದಿರಲಿಲ್ಲ.

ಹೋದ ವರ್ಷ ಮಗಳ ಹೆರಿಗೆಗೆಂದು ಅಕ್ಕ ನಾಲ್ಕು ತಿಂಗಳ ಮಟ್ಟಿಗೆ ದೂರದ ಊರಿಗೆ ಹೋಗಬೇಕಾಯಿತು. ಗಂಡನ ಊಟದ ಬಗ್ಗೆ ಅವಳು ಒಂದು ಮಾತೂ ಹೇಳಲಿಲ್ಲ. ಹಸಿವಾದರೆ ಮಾಡಿಕೊಳ್ಳುತ್ತಾರೆ ಎಂಬ ನಂಬಿಕೆ. ದೊರೆಯ ಬಗ್ಗೆ ಮಾತ್ರ ಒಂದು ಚೀಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಅದರಲ್ಲಿ ಆರು ಅಂಶ. ಬೆಳಿಗ್ಗೆ ಹಿತ್ತಲ ಬಿಸಿಲಿಗೆ ಬಿಡಬೇಕು, ಗಾಜಿನೊಳಗಿಂದ ಬಂದ ಬಿಸಿಲು ಸಾಲದು. ಪಕ್ಕದಲ್ಲೇ ನೆರಳೂ ಇರಬೇಕು. ಹುಲ್ಲು, ಸೊಪ್ಪು, ದಾಸವಾಳದ ಎಲೆ ಕೊಡಬೇಕು; ಅನ್ನ, ಬ್ರೆಡ್ಡು ಕೂಡದು. ಮೊಟ್ಟೆಯ ಓಡನ್ನು ಬೇಯಿಸಿ, ಒಣಗಿಸಿ, ಪುಡಿ ಮಾಡಿ ವಾರಕ್ಕೆರಡು ಸಲ ಸೊಪ್ಪಿನ ಮೇಲೆ ಉದುರಿಸಬೇಕು. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ಗದ್ದ ಮುಳುಗದಂತೆ ಕೂರಿಸಿ, ಆಮೇಲೆ ಪೂರ್ತಿ ಒಣಗುವ ಹಾಗೆ ಒರೆಸಬೇಕು. ಆರನೆಯದರ ಕೆಳಗೆ ಎರಡು ಗೆರೆ ಎಳೆದಿದ್ದಳು: ಚಿಪ್ಪಿಗೆ ಏನೂ ಮಾಡಬೇಡಿ.

ಮೊದಲ ಎರಡು ವಾರ ಭಾವ ಚೀಟಿಯನ್ನು ಅಕ್ಷರಶಃ ಪಾಲಿಸಿದರು. ಅದನ್ನು ನಾನೇ ಕಣ್ಣಾರೆ ಕಂಡೆ. ಮನೆ ಬಿಕೋ ಎನ್ನುತ್ತಿತ್ತು. ಏಳು ಸರಳು ಕಂಡ ದಿನ ಬಾಯಿ ತೆರೆದು ಕೂಗಲು ಹೋಗಿ, ಯಾರೂ ಇಲ್ಲವೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರಂತೆ. ಇದನ್ನು ಅವರೇ ನನಗೆ ಹೇಳಿದ್ದು, ಅದೂ ತಮಾಷೆಯೆಂಬಂತೆ. ಹೆಂಡತಿ ಇಲ್ಲದೆ ಬೇಜಾರಾಗಿದೆ ಎಂದು ಹೇಳಿಬಿಟ್ಟರೆ ಗಂಟೇನು ಹೋಗುತ್ತಿತ್ತು? ಆದರೆ ಅಂಥ ಮಾತು ಅವರ ಬಾಯಿಗೆ ಬರುವುದಿಲ್ಲ. ಅದರ ಬದಲು ಹಿತ್ತಲಿಗೆ ಹೋಗಿ ದೊರೆಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ದಿನಾ ನೋಡುತ್ತಾ ಕೂತರೆ ಏನಾಗುತ್ತದೆ? ಕಸುಬಿನವನ ಕಣ್ಣು ಕಸುಬಿಗೇ ಹೋಗುತ್ತದೆ. ಚಿಪ್ಪಿನ ಮೇಲೆ ಗೀರು, ಧೂಳು, ಅಲ್ಲಲ್ಲಿ ಮಾಸಿದ ಬಣ್ಣ ಅವರಿಗೆ ಕಾಣತೊಡಗಿತು.

ಅದಕ್ಕೆ ಸರಿಯಾಗಿ ಕ್ಷೌರದ ಅಂಗಡಿಯವನು ಒಂದು ದಿನ ಹಿತ್ತಲಿಗೆ ಬಂದವನು ಇಣುಕಿ ನೋಡಿ, “ಏನ್ ಮೇಸ್ತ್ರಿ, ಊರಿಗೆಲ್ಲ ಹೊಳಪು ಕೊಡ್ತೀರಿ. ನಿಮ್ಮನೆ ಆಮೆ ನೋಡಿದ್ರೆ ಗೋಡೆ ಕೆಡವಿದಾಗ ಉಳಿದ ಕಲ್ಲಿದ್ದ ಹಾಗಿದೆ!” ಅಂದ. ಭಾವ ನಕ್ಕರು. ಆದರೆ ಮಾತು ನಾಟಿತ್ತು.

ಅಕ್ಕ ಬಂದಾಗ ಬೆರಗಾಗಬೇಕು ಎಂದು ಅವರಿಗೆ ಅನ್ನಿಸಿದ್ದು ಆಗಲೇ. ಆರನೆಯ ಅಂಶದ ಗತಿ ಏನು ಎಂದು ನಾನು ಆಮೇಲೆ ಕೇಳಿದ್ದೆ. “ಅದು ಕೆಲಸ ಗೊತ್ತಿಲ್ದೋರು ಮುಟ್ಟಬಾರದು ಅಂತ ಬರೆದಿದ್ದು ಕಣಯ್ಯ. ನನಗಲ್ಲ” ಎಂದರು. ಗೋಡೆಗೆ ಅಂಟಿಸಿದ ಚೀಟಿಯನ್ನು ಆ ಮನೆಯಲ್ಲಿ ಅವರಲ್ಲದೆ ಇನ್ನಾರು ಓದಬೇಕಿತ್ತು, ಆಮೆಯೇ?

ಸರಿ, ಶುರುವಾಯಿತು ಕೆಲಸ. ಬೆಚ್ಚಗಿನ ನೀರಿನಲ್ಲಿ ಸ್ನಾನ, ಮೇಲೆ ಮೇಲೆ ಒರೆಸಿದ್ದು. ಆಮೇಲೆ ಮೈ ತಯಾರು ಮಾಡುವುದು: ಮರ ಉಜ್ಜುವ ಸೊನ್ನೆ ನಂಬರಿನ ಉಪ್ಪುಕಾಗದದಿಂದ ಚಿಪ್ಪನ್ನೆಲ್ಲ ನಯವಾಗಿ ಉಜ್ಜಿದರು. ದೊರೆ ಕತ್ತು, ಕಾಲು, ಬಾಲ ಎಲ್ಲವನ್ನೂ ಒಳಗೆಳೆದುಕೊಂಡ. ಭಾವನಿಗೆ ಇದು ಬಹಳ ಹಿಡಿಸಿತು. “ಅಲುಗಾಡಲ್ಲ, ಮಿಸುಕಾಡಲ್ಲ. ಕುರ್ಚಿಯಾದ್ರೂ ಕಾಲು ಗಡಗಡ ಅನ್ನುತ್ತೆ, ಇದು ಅದಕ್ಕಿಂತ ಮೇಲು” ಎಂದು ಹೊಗಳಿದ್ದರು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ, ಬಟ್ಟೆಯಲ್ಲಿ ಹತ್ತಿ ಕಟ್ಟಿದ ಉಂಡೆಯಿಂದ ದಿನಕ್ಕೆ ಒಂದೆರಡು ಕೈಯಂತೆ ಒಂಬತ್ತು ದಿನ ಹನ್ನೆರಡು ಕೈ. ಧೂಳು ಕೂರಬಾರದಲ್ಲ, ಅದಕ್ಕೆ ದೊರೆಯನ್ನು ಅಂಗಡಿಯೊಳಗೆ ಒಂದು ಮರದ ಪೆಟ್ಟಿಗೆಯಲ್ಲಿ ಇಟ್ಟರು. ಬಿಸಿಲಿಗೆ ಬಿಟ್ಟರೆ ಇಷ್ಟೂ ಶ್ರಮ ಮಣ್ಣುಪಾಲು. ಹೀಗಾಗಿ ಚೀಟಿಯ ಮೊದಲನೆಯ ಅಂಶವೂ ಆರನೆಯದರ ದಾರಿ ಹಿಡಿಯಿತು.

ಇದಾವುದೂ ನನಗೆ ಆಗ ಗೊತ್ತಿರಲಿಲ್ಲ. ಅಚ್ಚುಕೂಟದಲ್ಲಿ ಪಠ್ಯಪುಸ್ತಕದ ಕೆಲಸ ಬಿದ್ದು ಒಂದು ತಿಂಗಳಿಂದ ಆ ಕಡೆ ತಲೆ ಹಾಕಿರಲಿಲ್ಲ. ಗೊತ್ತಾದದ್ದು ಅಕ್ಕನಿಂದ.

ಅಕ್ಕ ದಿನಾ ಸಂಜೆ ಭಾವನಿಗೆ ಫೋನ್ ಮಾಡಿ, “ದೊರೆಯ ಫೋಟೋ ಕಳಿಸ್ರೀ” ಅನ್ನುತ್ತಿದ್ದಳು. ಬೆರಗು ಹಾಳಾಗಬಾರದೆಂದು ಭಾವ ಮುಖದ್ದು ಮಾತ್ರ ತೆಗೆದು ಕಳಿಸುತ್ತಿದ್ದರು. ಮುಖ ತಾನೇ, ಎಲ್ಲಿ ಬೇಕಾದರೂ ತೆಗೆಯಬಹುದಿತ್ತು. ಇವರು ಅಭ್ಯಾಸಬಲದಿಂದ ಕಿಟಕಿಯ ಎದುರೇ ಇಟ್ಟು ತೆಗೆದರು. ಅಕ್ಕ ಒಂದು ಮಧ್ಯಾಹ್ನ ನನಗೆ ಅಚ್ಚುಕೂಟಕ್ಕೇ ಫೋನ್ ಮಾಡಿದಳು.

“ಲೋ, ನಿಮ್ಮ ಭಾವ ದೊರೆಗೆ ಪಾಲಿಶ್ ಹೊಡೆದಿದ್ದಾರೆ.”

“ಏನೇ ಹಾಗಂದ್ರೆ? ಯಾರು ಹೇಳಿದ್ರು?”

“ಫೋಟೋದಲ್ಲಿ ಕತ್ತಿನ ಹಿಂದೆ ಚಿಪ್ಪು ಒಂದು ಚೂರು ಕಾಣ್ತಿದೆ. ದೊಡ್ಡದು ಮಾಡಿ ನೋಡ್ದೆ. ಅದರಲ್ಲಿ ಕಿಟಕಿ ಇದೆ ಕಣೋ. ಎಣಿಸ್ದೆ. ಏಳು.”

ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ.

“ನಗಬೇಡ. ಈಗಲೇ ಹೋಗು. ಸುಮ್ನೆ ಬಂದೆ ಅನ್ನು. ಅಂಚೆಲ್ಲ ಹೆಬ್ಬೆಟ್ಟಲ್ಲಿ ಒತ್ತಿ ನೋಡು. ಎಲ್ಲಾದ್ರೂ ಮೆತ್ತಗಿದ್ರೆ ನಿಂತ ಕಾಲಲ್ಲೇ ಡಾಕ್ಟರ ಹತ್ರ ಹೊರಡಿಸು. ಆದ್ರೆ ನನಗೆ ಗೊತ್ತು ಅಂತ ಮಾತ್ರ ಉಸಿರೆತ್ತಬೇಡ.”

“ಯಾಕೆ? ನೀನೇ ಫೋನಲ್ಲಿ ಉಗಿದ್ರೆ ಒಂದೇ ಏಟಿಗೆ ಮುಗಿಯುತ್ತಲ್ಲ.”

“ಮೂವತ್ತೆಂಟು ವರ್ಷ ಆಯ್ತು ಮದುವೆಯಾಗಿ. ಒಂದು ಸಲ ಆ ಬಾಯಿಂದ ತಪ್ಪಾಯ್ತು ಅನ್ನೋ ಮಾತು ಬಂದಿಲ್ಲ. ದೊರೆ ಉಳಿಯೋದು ಡಾಕ್ಟರ ಕೈಲಿರಲಿ. ಇದೊಂದು ಅವರಾಗೇ ಹೇಳ್ಬೇಕು. ಹೇಳ್ತಾರಾ ಇಲ್ವಾ ನೋಡ್ತೀನಿ.”

ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಆಸೆಯಿತ್ತು. ನನಗೆ ಕಸಿವಿಸಿಯಾದದ್ದು ಅದಕ್ಕೇ.

ಹೋದೆ. ಭಾವ ನನ್ನನ್ನು ನೋಡಿದ್ದೇ ತಡ, “ಬಾರಯ್ಯ, ಒಂದು ವಸ್ತು ತೋರಿಸ್ತೀನಿ” ಎಂದು ಪೆಟ್ಟಿಗೆಯ ಮೇಲಿನ ಬಟ್ಟೆಯನ್ನು ಸರ್ರನೆ ಎಳೆದರು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ಕಂದು, ಹಳದಿ, ಕಪ್ಪು ಒಂದೊಂದೂ ಎದ್ದು ಕಾಣುತ್ತಿತ್ತು. ಚಿಪ್ಪಿನ ಪ್ರತಿ ಉಬ್ಬಿನಲ್ಲೂ ಒಂದೊಂದು ಪುಟ್ಟ ಕಿಟಕಿ. ಮೂಗಿಗೆ ಮಾತ್ರ ಸ್ಪಿರಿಟ್ಟಿನ ಕೆಳಗೆ ಇನ್ನೊಂದು ವಾಸನೆ ಬಂತು. ಹೂದಾನಿಯ ನೀರು ಬದಲಾಯಿಸದೆ ಬಿಟ್ಟರೆ ಬರುತ್ತದಲ್ಲ, ಅದು. ಪೆಟ್ಟಿಗೆಯ ಮೂಲೆಯಲ್ಲಿ ಹಾಕಿದ ಸೊಪ್ಪು ಹಾಗೇ ಬಾಡಿತ್ತು.

“ತಿಂತಾ ಇಲ್ವಾ?”

“ಎರಡು ದಿನದಿಂದ ಸ್ವಲ್ಪ ಕಮ್ಮಿ. ಸೆಖೆಗೆ ಇರಬೇಕು.”

ನಾನು ಅಂಚನ್ನು ಒತ್ತುತ್ತಾ ಬಂದೆ. ಗಟ್ಟಿ, ಗಟ್ಟಿ, ಗಟ್ಟಿ. ಬಲಗಡೆ ಹಿಂಗಾಲಿನ ಮೇಲೆ ಎರಡು ತುಂಡು ಸೇರುವ ಗೆರೆಯಲ್ಲಿ ಹೆಬ್ಬೆರಳು ಒಳಗಿಳಿಯಿತು. ಪಾಲಿಶಿನ ಪದರ ಬಿರುಕುಬಿಟ್ಟು ಕಂದು ಬಣ್ಣದ ನೀರು ಜಿನುಗಿತು. ಭಾವ ಬಗ್ಗಿ ನೋಡಿದರು. ಮರದಲ್ಲಿ ಹಾಗಾದರೆ ಅದಕ್ಕೆ ಏನರ್ಥ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಪಶು ಆಸ್ಪತ್ರೆಯ ಬೆಂಚಿನ ಮೇಲೆ ಮೂರು ನಾಯಿ, ಒಂದು ಪಂಜರದ ಗಿಳಿ ದಾಟಿದ ಮೇಲೆ ನಮ್ಮ ಸರದಿ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ದೊರೆಯನ್ನು ಮೇಜಿನ ಮೇಲೆ ಇಟ್ಟ ಕೂಡಲೇ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

“ಇದಕ್ಕೆ ಯಾರು ಬಣ್ಣ ಬಳಿದಿದ್ದು?”

“ಬಣ್ಣ ಅಲ್ಲಮ್ಮ, ಪಾಲಿಶ್” ಅಂದರು ಭಾವ. ಅಂಥ ಹೊತ್ತಿನಲ್ಲೂ ಅವರಿಗೆ ಆ ವ್ಯತ್ಯಾಸ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸಣ್ಣ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. “ಸ್ನಾನದ ತೇವ ಸಂದಿಯಲ್ಲಿ ಉಳಿದಿದೆ. ಅದರ ಮೇಲೆ ಹಚ್ಚಿದ್ದೀರಿ. ಒಳಗೇ ಕೊಳೆಯೋಕೆ ಶುರುವಾಗಿದೆ. ಚಿಪ್ಪು ಗಟ್ಟಿಯಾಗಿರೋದು ಮೇಲಿಂದ ಹಚ್ಚೋದರಿಂದ ಅಲ್ಲ. ಅದು ತಿನ್ನೋದರಿಂದ, ನೇರವಾಗಿ ಮೈಮೇಲೆ ಬೀಳೋ ಬಿಸಿಲಿಂದ. ಎಣ್ಣೆ, ಬಣ್ಣ, ಪಾಲಿಶ್ ಏನೂ ಬೇಡ. ಗೀರು ಬೇರೆ ಇದೆ, ಇದೇನು?”

“ಉಪ್ಪುಕಾಗದ. ಸೊನ್ನೆ ನಂಬರು” ಎಂದು ಭಾವ ಮೆಲ್ಲಗೆ ಹೇಳಿದರು.

“ಚಿಪ್ಪು ಅಂದ್ರೆ ಪೆಟ್ಟಿಗೆ ಅಲ್ಲ, ಸಾರ್. ಕೆಳಗಿರೋದು ಮೂಳೆ. ಅದರಲ್ಲಿ ರಕ್ತ ಇದೆ, ನರ ಇದೆ. ನೀವು ಮುಟ್ಟಿದ್ರೆ ಅದಕ್ಕೆ ಗೊತ್ತಾಗುತ್ತೆ.”

ಭಾವ ದೊರೆಯ ಮೇಲಿಟ್ಟಿದ್ದ ಕೈ ತೆಗೆದರು. ಆಮೇಲೆ, “ಉಜ್ಜಿದ್ದು ಗೊತ್ತಾಗಿರುತ್ತಾ?” ಎಂದು ಕೇಳಿದರು.

“ಆಗಿರುತ್ತೆ.”

ದಾರಿಯುದ್ದಕ್ಕೂ ಅವರು ದೊರೆಯನ್ನು ಎದೆಗೆ ಅವಚಿ ಹಿಡಿದಿದ್ದರು. ನಾನು ಗೇಲಿ ಮಾಡಲು ಒಂದೆರಡು ಮಾತು ತಯಾರು ಮಾಡಿಕೊಂಡಿದ್ದೆ, ಅವನ್ನು ನುಂಗಿಕೊಂಡೆ. ಮನೆ ಹತ್ತಿರ ಬಂದಾಗ, “ಕತ್ತು ಒಳಗೆಳೆದುಕೊಂಡಿದ್ದು ಅದಕ್ಕೇನೆ ಕಣಯ್ಯ” ಅಂದರು.

ಡಾಕ್ಟರು ಕೊಳೆತ ಭಾಗವನ್ನು ಕೆರೆದು ತೆಗೆದಿದ್ದಳು. ಅಲ್ಲಿ ಹೆಬ್ಬೆರಳ ತುದಿಯಷ್ಟು ಗುಳಿ. ಅದಕ್ಕೆ ದಿನಕ್ಕೆರಡು ಸಲ ಮುಲಾಮು. ಉಳಿದ ಪಾಲಿಶನ್ನು ಮಾತ್ರ ಮನೆಯಲ್ಲೇ ತೆಗೆಯಬೇಕು, ಸ್ಪಿರಿಟ್ಟು, ಥಿನ್ನರು, ಉಪ್ಪುಕಾಗದ ಏನೂ ಮುಟ್ಟಿಸದೆ. ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು, ಬೆಚ್ಚಗಿನ ನೀರು, ತಾನಾಗಿ ಏಳುವ ಹಕ್ಕಳೆಯನ್ನು ಉಗುರಿನಿಂದ ಬಿಡಿಸುವುದು, ಕೂಡಲೇ ಒಣಗಿಸುವುದು, ಅಷ್ಟೇ. ಜೀವಮಾನವೆಲ್ಲ ಹಚ್ಚಿದ ಮನುಷ್ಯ ಈಗ ತೆಗೆಯಲು ಕೂತರು. ಹನ್ನೆರಡು ಕೈ ಹಚ್ಚಲು ಒಂಬತ್ತು ದಿನ ಹಿಡಿದಿತ್ತು. ತೆಗೆಯಲು ಒಂಬತ್ತು ವಾರ ಸಾಲಲಿಲ್ಲ. ಅವರ ಕೆಲಸ ಎಷ್ಟು ಗಟ್ಟಿ ಎಂದು ಗಿರಾಕಿಗಳು ಹೇಳುತ್ತಿದ್ದುದು ನಿಜ ಎಂದು ಆಗ ನನಗೆ ಗೊತ್ತಾಯಿತು.

ಇನ್ನು ಬಿಸಿಲು. ಅಷ್ಟರಲ್ಲಿ ಕಾಲ ಬದಲಾಗಿ ಸೂರ್ಯ ಓರೆಯಾಗಿದ್ದ. ಹಿತ್ತಲ ಅಂಗಳಕ್ಕೆ ಅರ್ಧ ಗಂಟೆಯೂ ಬಿಸಿಲು ಬೀಳುತ್ತಿರಲಿಲ್ಲ. ಓಣಿಯಲ್ಲಿ ಒಳ್ಳೆಯ ಬಿಸಿಲು ಬೀಳುವ ಜಾಗ ಒಂದೇ: ಕ್ಷೌರದ ಅಂಗಡಿಯ ಮೆಟ್ಟಿಲ ಪಕ್ಕದ ಕಟ್ಟೆ. ಭಾವ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ಒಂದು ಕಂಕುಳಲ್ಲಿ ದೊರೆ, ಇನ್ನೊಂದರಲ್ಲಿ ಕೊಡೆ ಇಟ್ಟುಕೊಂಡು ಓಣಿ ದಾಟುವರು. ಕೊಡೆ ಅವರಿಗಲ್ಲ. ದೊರೆಗೆ ಬೇಕೆನಿಸಿದಾಗ ನೆರಳಿಗೆ ಹೋಗಲು ಅರ್ಧ ಜಾಗಕ್ಕೆ ಅಡ್ಡ ಹಿಡಿಯುವುದು. ಇವರು ಮಾತ್ರ ಪೂರ್ತಿ ಬಿಸಿಲಲ್ಲಿ.

“ಬನ್ನಿ ಬನ್ನಿ, ಕ್ಷೌರ ಯಾರಿಗೆ, ನಿಮಗೋ ದೊರೆಗೋ?” ಎಂದು ಅಂಗಡಿಯವನು ಮೊದಲ ದಿನ ಕೇಳಿದ. ಎರಡನೆಯ ದಿನ, “ಮೇಸ್ತ್ರಿ, ಇಷ್ಟು ಬಿಸಿಲಿಗೆ ನಿಮ್ಮ ಪಾಲಿಶ್ ಎದ್ದು ಹೋಗುತ್ತೆ” ಅಂದ. ಭಾವನ ಮೂಗು ಕೆಂಪಾಗಿ, ಆಮೇಲೆ ಸಿಪ್ಪೆ ಸುಲಿಯಿತು. ನಲವತ್ತು ವರ್ಷದಿಂದ ಉತ್ತರದ ಕಿಟಕಿಯ ಬೆಳಕು ಬಿಟ್ಟು ಬೇರೇನೂ ಕಾಣದ ಮೈ ಅದು. ಎಂಟನೆಯ ದಿನದ ಹೊತ್ತಿಗೆ ಅಂಗಡಿಯವನಿಗೂ ಗೇಲಿ ಸಾಕಾಗಿ, ಗಿರಾಕಿಗಳು ಕೂರುವ ಒಂದು ಕುರ್ಚಿಯನ್ನು ಹೊರಗೆ ಹಾಕಿಕೊಟ್ಟ.

ಸಂಜೆ ಅಕ್ಕನ ಫೋನು. “ದೊರೆ ಹೇಗಿದ್ದಾನೆ?” ಅನ್ನುವಳು. “ಚೆನ್ನಾಗಿದ್ದಾನೆ” ಅನ್ನುವರು ಭಾವ. “ಬಿಸಿಲಿಗೆ ಬಿಟ್ರಾ?” “ಬಿಟ್ಟೆ.” ಈಗ ಅದು ನಿಜವೇ ಆಗಿತ್ತು, ಆದರೆ ಹೇಳುವಾಗ ಸುಳ್ಳು ಹೇಳುವವರ ಹಾಗೆ ಮುಖ ತಗ್ಗಿಸುತ್ತಿದ್ದರು. ಫೋನ್ ಇಟ್ಟ ಹತ್ತು ನಿಮಿಷಕ್ಕೆ ನನಗೆ ಅಕ್ಕನ ಫೋನ್: ಗುಳಿ ಒಣಗಿದೆಯಾ, ತಿನ್ನುತ್ತಿದ್ದಾನಾ, ಅಂಚು ಒತ್ತಿದೆಯಾ, ಹೇಳಿದರಾ? ಕೊನೆಯ ಪ್ರಶ್ನೆಗೆ ನಾನು ದಿನಾ ಇಲ್ಲ ಎನ್ನುತ್ತಿದ್ದೆ. ಇಬ್ಬರ ಗುಟ್ಟನ್ನೂ ಹೊತ್ತುಕೊಂಡು ಓಡಾಡುವ ಕೆಲಸ ಮೊದಮೊದಲು ಮಜವಾಗಿತ್ತು. ಭಾವ ಬೆವರು ಒರೆಸಿಕೊಳ್ಳುತ್ತಾ ಕೊಡೆ ಹಿಡಿದು ಕೂತದ್ದನ್ನು ನೋಡನೋಡುತ್ತಾ ಆ ಮಜ ಹೋಯಿತು. ನನಗೆ ಅವರ ಮೇಲೆ ಕನಿಕರ ಬಂತು. ಅಕ್ಕನ ಮೇಲೆ ಸ್ವಲ್ಪ ಸಿಟ್ಟೂ ಬಂತು. ಇಬ್ಬರಿಗೂ ಹೇಳಲಿಲ್ಲ.

ಅವರು ಹೇಳಿಕೊಳ್ಳುವ ಯೋಚನೆ ಮಾಡದೆ ಇರಲಿಲ್ಲ. ಕಟ್ಟೆಯ ಮೇಲೆ ಕೂತು ನನ್ನ ಮೇಲೆ ಅಭ್ಯಾಸ ಮಾಡುತ್ತಿದ್ದರು. “ನೋಡೇ, ಒಂದು ಸಣ್ಣ ವಿಷಯ ನಡೆದುಬಿಡ್ತು.” ಕರಡು ತಿದ್ದುವವನು ಬಿಡುತ್ತಾನೆಯೇ? “ಸಣ್ಣದೂ ಅಲ್ಲ, ತಾನಾಗಿ ನಡೆದದ್ದೂ ಅಲ್ಲ ಭಾವ” ಅಂದೆ. ಇನ್ನೊಂದು ದಿನ, “ಕ್ಷೌರದವನು ಹಂಗಿಸಿದ್ದಕ್ಕೆ...” ಎಂದು ಶುರು ಮಾಡಿದರು. ಒಳಗಿಂದ ಅವನು ಕತ್ತರಿ ನಿಲ್ಲಿಸಿ ಇಣುಕಿದ. ಅಲ್ಲಿಗೆ ಅದೂ ನಿಂತಿತು.

ಅಕ್ಕ ಬರುವ ಹಿಂದಿನ ದಿನ ಮಧ್ಯಾಹ್ನ ನಾನು ಅಂಗಡಿಗೆ ಹೋದಾಗ ದೊರೆ ಕೆಲಸದ ಮೇಜಿನ ಮೇಲಿದ್ದ. ಚಿಪ್ಪು ಮತ್ತೆ ಮಂಕಾಗಿತ್ತು, ಮುಟ್ಟಿದರೆ ಗಟ್ಟಿ. ದಾಸವಾಳದ ಎಲೆಯನ್ನು ಕಚಕಚ ಅಗಿಯುತ್ತಿದ್ದ. ಬಾಲದ ಮೇಲೆ ಮೂರು ಬೆರಳಗಲ ಜಾಗದಲ್ಲಿ ಮಾತ್ರ ಪಾಲಿಶ್ ಬಿಡದೆ ಉಳಿದಿತ್ತು. ಆ ಹೊಳಪಿನಲ್ಲಿ ಇನ್ನೂ ಎರಡು ಸರಳು ಕಾಣುತ್ತಿದ್ದವು. ಅದರ ಪಕ್ಕದಲ್ಲಿ ಗುಳಿ, ಒಣಗಿ ಬೆಳ್ಳಗಾಗಿತ್ತು.

ಭಾವನ ಮುಂದೆ ಬಣ್ಣಬಣ್ಣದ ಮೇಣದ ಕಡ್ಡಿಗಳ ಡಬ್ಬಿ ತೆರೆದಿತ್ತು. ಮರದ ಬಿರುಕು, ಹುಳು ತಿಂದ ತೂತು ಮುಚ್ಚಲು ಇಟ್ಟುಕೊಂಡದ್ದು. ಯಾವ ಬಣ್ಣದ ಮರವಾದರೂ ಸರಿ, ಅವರು ಮುಚ್ಚಿದ ಬಿರುಕನ್ನು ಮರದ ಯಜಮಾನನೂ ಹುಡುಕಲಾರ. ಪಕ್ಕದಲ್ಲಿ ಹೊಳಪು ಇಳಿಸುವ ನುಣುಪಾದ ಬೂದಿಪುಡಿ.

“ಎರಡು ನಿಮಿಷದ ಕೆಲಸ ಕಣಯ್ಯ. ಗುಳಿಗೆ ಮೇಣ, ಇದಕ್ಕೆ ಒಂಚೂರು ಪುಡಿ ಹಾಕಿ ಉಜ್ಜಿದ್ರೆ ಯಾರಪ್ಪನಿಗೂ ಗೊತ್ತಾಗಲ್ಲ.”

ನಾನು ಏನು ಹೇಳಲಿ? ಅವಳಿಗೆ ಎರಡೂವರೆ ತಿಂಗಳಿಂದ ಗೊತ್ತು ಎಂದು ಹೇಳುವಂತಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಅವರು ಕಂದು ಕಡ್ಡಿಯೊಂದನ್ನು ಆರಿಸಿದರು, ಚಿಪ್ಪಿನ ಪಕ್ಕ ಹಿಡಿದು ಬಣ್ಣ ಹೋಲಿಸಿದರು. ಸರಿಯಾಗಿ ಹೊಂದುತ್ತಿತ್ತು. ಅರಿವೆಯ ಚೂರನ್ನು ಪುಡಿಯಲ್ಲಿ ಅದ್ದಿ ಬಾಲದ ಕಡೆ ಕೈ ತಂದರು. ದೊರೆ ಎಲೆ ಬಿಟ್ಟು ಕತ್ತನ್ನು ಒಳಕ್ಕೆಳೆದುಕೊಂಡ.

ಭಾವನ ಕೈ ಅಲ್ಲೇ ನಿಂತಿತು. ಡಬ್ಬಿಯ ಮುಚ್ಚಳ ಹಾಕಿದರು.

“ಬೇಡ. ಅದಕ್ಕೆ ಗೊತ್ತಾಗುತ್ತೆ” ಎಂದರು.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಅಕ್ಕ ಬಂದಳು. ಕರೆತರಲು ಹೋಗಿದ್ದ ನನ್ನ ಕೈಯಲ್ಲೇ ಅವಳ ಚೀಲ ಇನ್ನೂ ಇತ್ತು. ಅವಳು ಅಂಗಡಿ ಬೀಗ ಹಾಕಿದ್ದನ್ನು ನೋಡಿ, ತಿರುಗಿ ಎದುರಿನ ಕಟ್ಟೆಯ ಕಡೆ ನೋಡಿದಳು. ಕಪ್ಪಿಟ್ಟ ಮುಖ, ಸುಲಿದ ಮೂಗಿನ ಗಂಡ ಕೊಡೆ ಹಿಡಿದು ಕೂತಿದ್ದರು. ನಾನು ಎಲ್ಲ ಹೇಳಿದ್ದೆ. ಆದರೂ ಅವಳು ಅರೆಕ್ಷಣ ಗುರುತು ಸಿಗದವಳ ಹಾಗೆ ನಿಂತಳು.

ಓಣಿ ದಾಟಿ ಬಂದು, ದೊರೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ಹೆಬ್ಬೆರಳು ಎಡಗಡೆಯಿಂದ ಶುರುವಾಯಿತು. ಬೇಕೆಂದೇ ನಿಧಾನ ಮಾಡುತ್ತಿದ್ದಳು, ನನಗೆ ಗೊತ್ತು. ಅಭ್ಯಾಸ ಮಾಡಿದ ಮಾತುಗಳಲ್ಲಿ ಒಂದಾದರೂ ಭಾವನಿಗೆ ನೆನಪಿಗೆ ಬರಲಿ ಎಂದು ನಾನು ಮನಸ್ಸಿನಲ್ಲೇ ಕೂಗಿಕೊಳ್ಳುತ್ತಿದ್ದೆ. ಹೆಬ್ಬೆರಳು ಹಿಂಗಾಲಿನ ಹತ್ತಿರ ಬಂತು.

“ಅಲ್ಲೇ. ಬಲಗಡೆ, ಹಿಂದೆ ನೋಡು” ಎಂದರು ಭಾವ. “ಗುಳಿ ಇದೆ. ನಾನೇ ಮಾಡಿದ್ದು. ಹನ್ನೆರಡು ಕೈ ಪಾಲಿಶ್ ಹೊಡೆದೆ. ಹೊಡೆಯೋಕೆ ಮುಂಚೆ ಉಪ್ಪುಕಾಗದದಲ್ಲಿ ಉಜ್ಜಿದೆ. ನೀನು ಬರೆದಿದ್ದೆ, ಓದಿದ್ದೆ, ಆದ್ರೂ ಮಾಡ್ದೆ. ಅದಕ್ಕೆ ನೋವಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ. ತಪ್ಪಾಯ್ತು ಕಣೇ.”

ಕ್ಷೌರದ ಅಂಗಡಿಯಲ್ಲಿ ಕತ್ತರಿಯ ಸದ್ದು ನಿಂತಿತ್ತು. ಅಕ್ಕ ಏನು ಹೇಳಬೇಕೆಂದು ಫೋನಿನಲ್ಲಿ ನನಗೆ ಹತ್ತಾರು ಸಲ ಹೇಳಿದ್ದಳು, ಅದರಲ್ಲಿ ಒಂದು ಮಾತನ್ನೂ ಆಡಲಿಲ್ಲ. ಕಣ್ಣು ತುಂಬಿಕೊಂಡು ಬಂತು. ಸೆರಗಿನಿಂದ ಒರೆಸಿಕೊಂಡಳು.

“ಮೂವತ್ತೆಂಟು ವರ್ಷದಿಂದ ಆ ಕಪಾಟಿಗೆ ಒಂದು ಕೈ ಹಚ್ಚಿ ಅಂತ ಬಾಯಿ ಬಡ್ಕೊಂಡೆ” ಅಂದಳು. “ಹಚ್ಚಿದ್ದು ಇವನಿಗಾ?”

ಭಾವ ತಟಕ್ಕನೆ ಎದ್ದರು. ಆಗಲೇ ಬೀಗ ತೆಗೆದು ಕೆಲಸ ಶುರು ಮಾಡುವವರ ಹಾಗೆ ಜೇಬಿಗೆ ಕೈ ಹಾಕಿದರು.

“ಈಗ ಬೇಡ, ಕೂತ್ಕೊಳ್ಳಿ. ಇನ್ನೂ ಬಿಸಿಲಿದೆ.”

ಕೂತರು. ಕ್ಷೌರದ ಅಂಗಡಿಯವನು ಇನ್ನೊಂದು ಕುರ್ಚಿ ಹೊರಗೆ ತಂದ.

ಕಪಾಟಿನ ಕೆಲಸ ಮುಂದಿನ ವಾರ ಶುರುವಾಯಿತು. ಗಿರಾಕಿಯ ಮೇಜನ್ನು ಗೋಡೆಗೆ ಒರಗಿಸಿಟ್ಟು ಕಪಾಟನ್ನು ಅಂಗಡಿಯ ನಡುವೆ ತಂದು ನಿಲ್ಲಿಸಿದರು. ಹದಿನಾಲ್ಕು ಕೈ ಹಾಕಿದರು. ಮುಗಿದ ದಿನ ನಾನೂ ಅಲ್ಲಿದ್ದೆ. ಭಾವ ಕೂಗಿ ಕರೆದರು, ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು.

“ಎಣಿಸು.”

ಅಕ್ಕ ಕಪಾಟಿನ ಕಡೆ ಒಂದು ಸಲ ನೋಡಿ, ಎಣಿಸದೆಯೇ, “ಏಳು” ಅಂದಳು.

“ನೋಡಯ್ಯ, ಎಣಿಸದೇನೇ ಹೇಳ್ತಾಳೆ!” ಎಂದು ಭಾವ ನನ್ನ ಕಡೆ ತಿರುಗಿ ನಕ್ಕರು. “ಇವಳಿಗೆ ನನ್ನ ಕೆಲಸದ ಮೇಲೆ ಅಷ್ಟು ನಂಬಿಕೆ. ನಾನೇ ಇವಳಿಗೆ ಮೂರು ತಿಂಗಳು ಮುಚ್ಚಿಟ್ಟೆ. ಇವಳು ಇಷ್ಟು ವರ್ಷದಲ್ಲಿ ನನ್ನ ಹತ್ರ ಒಂದು ವಿಷಯ ಮುಚ್ಚಿಟ್ಟಿಲ್ಲ.”

ಅಕ್ಕ ನನ್ನ ಮುಖ ನೋಡಿದಳು. ನಾನು ಕೆಳಗೆ ಹಾಸಿದ್ದ ಪೇಪರು ಓದತೊಡಗಿದೆ. ಈಗ ಒಂದು ಮಾತು ಬರಬೇಕಾಗಿದ್ದದ್ದು ಅವಳ ಬಾಯಿಂದ. ತುಟಿ ಅಲುಗಿದ್ದನ್ನು ಕಂಡೆ. ಆಮೇಲೆ ಅವಳು ಮೊಳೆಗೆ ನೇತುಹಾಕಿದ್ದ ಬಟ್ಟೆಯನ್ನು ತೆಗೆದುಕೊಂಡು, ಒಂದು ಚೂರೂ ಧೂಳಿಲ್ಲದ ಆ ಕಪಾಟನ್ನು ಒರೆಸುತ್ತಾ ನಿಂತಳು.